ಮೊದಲು ಕ್ರೀಮು, ಆಮೇಲೆ ವಿಭೂತಿ

ಧಾರವಾಡ
೪ ಜನವರಿ ೨೦೨೬

ಪ್ರೀತಿಯ ಅವ್ವಾ,

ಕನ್ನಡಕ ಹಾಕಿಕೋ, ಡಬ್ಬಿ ಬಿಚ್ಚುವ ಮೊದಲು ಇದನ್ನು ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿ ಇಡೀ ಉಪ್ಪಿನಬೆಟಗೇರಿಗೆ ಕೇಳಿಸುತ್ತೀ. ಸುದ್ದಿ ಏನೆಂದರೆ, ನನ್ನ ಮುಖ ಮರಳಿ ಬಂದಿದೆ!

ಎಲ್ಲಿಗೆ ಹೋಗಿತ್ತು ಅಂತೀಯಾ? ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದು ತಿಂಗಳಿಂದ ಹೇಳುತ್ತಿದ್ದೆನಲ್ಲ, ಅದು ಶುದ್ಧ ಸುಳ್ಳು. ಕೆಟ್ಟಿದ್ದು ನನ್ನ ಮುಖ. ಬೇಸಿಗೆಯ ಜಿಡ್ಡಿಗೆಂದು ತಂದ ನೊರೆ ಫೇಸ್‌ವಾಶು, ಅದರ ಮೇಲೆ ಚುರುಗುಟ್ಟುವ ಸೀರಮ್ಮು, ಎರಡನ್ನೂ ಈ ಒಣ ಚಳಿಯಲ್ಲೂ ದಿನಕ್ಕೆರಡು ಸಲ ಬಿಡದೆ ಹಚ್ಚಿದೆ. ಚರ್ಮ ಬಿರಿದಷ್ಟೂ ಬಿಸಿನೀರು ಹಾಕಿ ಇನ್ನಷ್ಟು ತಿಕ್ಕಿದೆ, ನಿನ್ನ ಜಾಣ ಮಗಳು! ಕೆನ್ನೆ ಬೇಯಿಸಿದ ಆಲೂಗಡ್ಡೆಯ ಹಾಗೆ ಸಿಪ್ಪೆ ಬಿಡತೊಡಗಿತು. ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ, ಕುಸುರೆಳ್ಳಿನ ಸರ, ಬಳೆ ಹಾಕಿಸಿಕೊಂಡು ಬಳಗದ ಮುಂದೆ ಕೂರಬೇಕಾದವಳು ನಾನು. ಹೆದರಿ, ಚಳಿಯ ನೆಪದಲ್ಲಿ ಮನೆಯೊಳಗೂ ಓಢಣಿ ಸುತ್ತಿಕೊಂಡೇ ಓಡಾಡಿದೆ.

ಕೊನೆಗೆ ಚರ್ಮದ ಡಾಕ್ಟರು ಮಹೆಕ ಅವರ ಹತ್ತಿರ ಹೋದೆ. ನೋಡಿದವರೇ, "ಮಾರಿ ಮ್ಯಾಲ ಏನ್ ಸಿಟ್ಟರಿ ನಿಮಗ?" ಎಂದು ನಕ್ಕುಬಿಟ್ಟರು. ಸೀರಮ್ಮು ಬಂದ್. ಫೇಸ್‌ವಾಶು ಸಂಜೆ ಒಮ್ಮೆ ಮಾತ್ರ, ಅದೂ ನೊರೆ ಬರದ್ದು. ಬೆಳಿಗ್ಗೆ ಬರೀ ಉಗುರುಬೆಚ್ಚಗಿನ ನೀರು, ಹಸಿ ಆರುವ ಮೊದಲೇ ಗಟ್ಟಿ ಕ್ರೀಮು.

ಮರುದಿನ ಬೆಳಿಗ್ಗೆ ಓಢಣಿ ತೆಗೆದು ಕನ್ನಡಿಯ ಮುಂದೆ ನಿಂತಿದ್ದೆ. ಅತ್ತೆ ಮುಖ ತೊಳೆದುಕೊಂಡು ಹಿಂದೆಯೇ ಬಂದರು. ವಿಭೂತಿ ಇಲ್ಲದ ಅವರ ಹಣೆಯನ್ನು ನಾನು ನೋಡಿದ್ದು ಅದೇ ಮೊದಲು. ಮೂರು ಗೆರೆಯ ಜಾಗ ಒಡೆದು ಒಂದು ಕಡೆ ರಕ್ತ ಜಿನುಗುತ್ತಿತ್ತು. ಪಾಪ, ಒಡೆದಷ್ಟೂ ದಪ್ಪಗೆ ವಿಭೂತಿ ಬಳಿದು ಮುಚ್ಚುತ್ತಿದ್ದರು! "ಯವ್ವಾ, ನಿಂದೂ ಒಡದೈತೇನ?" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕ್ರೀಮು ಚಾಚಿದರೆ, "ಪೂಜಿಗೆ ವಿಭೂತಿ ಬಿಡಾಂಗಿಲ್ಲ ನಾ" ಎಂದರು. "ಬಿಡಬ್ಯಾಡ್ರಿ ಅತ್ತಿ. ಮೊದಲ ಕ್ರೀಮು ಹಚ್ಕೋರಿ, ಅದು ಆರಿದ ಮ್ಯಾಲ ವಿಭೂತಿ" ಎಂದೆ. ಅದರಲ್ಲಿ ಪ್ರಾಣಿ ಕೊಬ್ಬು ಇಲ್ಲ ಎಂಬುದನ್ನು ಡಬ್ಬಿಯ ಮೇಲೆ ಎರಡು ಸಲ ಓದಿಸಿ, ಡಾಕ್ಟರಿಗೆ ಫೋನು ಮಾಡಿಸಿ, ಆಮೇಲೆ ಬೆರಳು ಅದ್ದಿದರು. ಈಗ ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚುತ್ತಾರೆ! ದಿನಾ ಬೆಳಗಾದರೆ, "ಆರತಿ, ಡಬ್ಬಿ ತಾ" ಎಂಬ ಕೂಗು. ಅವರ ಹಣೆ ಮಾಯ್ದಿದೆ, ನನ್ನ ಕೆನ್ನೆ ಮಿಂಚುತ್ತಿದೆ.

ಇನ್ನು ನಿನ್ನ ವಿಷಯ. "ನಿಮ್ಮಪ್ಪ ಹೋದ ಮೇಲೆ ಮುತ್ತೈದೆಯರ ನಡುವೆ ನನಗೇನು ಕೆಲಸ, ಸಂಕ್ರಾಂತಿಗೆ ಬರುವುದಿಲ್ಲ" ಎಂದೆಯಲ್ಲ, ಅವತ್ತು ನಾನು ಉತ್ತರ ಕೊಡದೆ ಫೋನು ಇಟ್ಟು ಅತ್ತುಬಿಟ್ಟೆ. ಈಗ ಕೊಡುತ್ತೇನೆ: ನೀನಿಲ್ಲದೆ ನಾನು ಹಸೆಯ ಮೇಲೆ ಕೂರುವುದಿಲ್ಲ. ಈ ಮುಖ ಮೊದಲು ನೋಡಬೇಕಾದವಳು ನೀನು.

ಸಿಪ್ಪೆ ಕಳಚಿ ಹೊಸದಾದ ನಿನ್ನ ಮಗಳು,
ಆರತಿ

ತಾ.ಕ.: ನಿನಗೆ ಈ ಕ್ರೀಮಿನ ಡಬ್ಬಿ ಕಟ್ಟಿ ಕಳಿಸಿದ್ದು ನಾನಲ್ಲ, ಅತ್ತೆ. ಮಾವನವರು ಹೋಗಿ ಆರು ವರ್ಷವಾಯಿತಲ್ಲ, ಅಂದಿನಿಂದ ಅವರೂ ಸಂಕ್ರಾಂತಿಯ ಬೆಳಿಗ್ಗೆ ಸ್ನಾನಕ್ಕೆ ಮೊದಲು ಯಾರ ಮೈಗೂ ಅರೆದ ಎಳ್ಳು ಹಚ್ಚಿಲ್ಲವಂತೆ. ಈಗ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾರೆ: "ಬೀಗತಿ, ಹದಿಮೂರನೇ ತಾರೀಖಿಗೇ ಬರ್ರಿ. ಎಳ್ಳು ನುಣ್ಣಗ ಅರದ ಇಟ್ಟಿರತೇನಿ. ಆರತಿ ಮಾರಿಗೆ ಹಚ್ಚಾಕ ಒಂದ ಕೆನ್ನಿ ನಿಮ್ಮದು, ಒಂದ ಕೆನ್ನಿ ನಂದು. ನೀವು ಬರಲಿಲ್ಲಂದ್ರ ನಾನೂ ಹಚ್ಚಾಂಗಿಲ್ಲ."