ಮೊದಲ ಸೌಟು ನೀರು

ಫಾಸ್ಟರ್ ಸಿಟಿ
ಶುಕ್ರವಾರ, ಫೆಬ್ರವರಿ 21, 2025

ಪ್ರಿಯ ಕಿರಣಕುಮಾರ,

ನೀನೂ ಮಾಧುರಿಯೂ ಆಸ್ಟಿನ್ನಿನ ಹೊಸ ಮನೆಗೆ ಒಗ್ಗಿಕೊಂಡಿದ್ದೀರೆಂದು ಭಾವಿಸಿದ್ದೇನೆ. ನಿನ್ನ ಮೂರು ಸಂದೇಶಗಳಿಗೆ ಉತ್ತರಿಸದೆ ಏಳು ವಾರ ಕಳೆದೆ, ಕ್ಷಮಿಸು. "ಲೇ ಶ್ರೀಕಂಠ, ಎಸ್ಕೊಗ ಏನಾತಲೇ? ಬಾಯಿ ಬಿಟ್ಟು ಹೇಳೋ ಮಾರಾಯಾ" ಎಂಬ ನಿನ್ನ ಕೊನೆಯ ಧ್ವನಿಸಂದೇಶವನ್ನು ವಸುಧಾ ನನ್ನೆದುರು ಎರಡು ಸಲ ಹಾಕಿದಳು. "ಕಿರಣ್‌ಗಾದ್ರೂ ಹೇಳಿ. ಎಷ್ಟು ದಿನ ಅಂತ ಹೀಗೆ ಗೋಡೆ ನೋಡ್ಕೊಂಡು ಕೂತಿರ್ತೀರ?" ಎಂದಳು. ಫೋನಿನಲ್ಲಿ ಇಂಥದನ್ನು ಹೇಳಲು ನನಗೆ ಬಾರದು. ಆದ್ದರಿಂದ ಕಾಗದ.

ನಮ್ಮ ಶನಿವಾರದ ಗೆಳೆಯ ಎಸ್ಕೊ ಬದುಕಿದ್ದಾನೆ. ಜನವರಿ ನಾಲ್ಕರ ಶನಿವಾರ ಅವನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಅರ್ಧದಷ್ಟು ಮರಳಿದೆ, ಬಲಗೈ ಮರಳಿಲ್ಲ. ಹೆಬ್ಬೆರಳೆತ್ತರದ ಬೊಂಬೆಸೈನಿಕನ ಕಣ್ಣುಗುಡ್ಡೆಗೆ ಬಣ್ಣ ಹಚ್ಚುತ್ತಿದ್ದ ಕೈ ಅದು.

ನೀನು ಹೋದ ಮೇಲೂ ಹೇವರ್ಡ್‌ನ ಅವನ ಗ್ಯಾರೇಜಿನಲ್ಲಿ ಶನಿವಾರದ ಆಟ ನಿಂತಿರಲಿಲ್ಲ. ಮೇಜಿನ ಮೇಲೆ ಇಂಚಿನ ಲೆಕ್ಕದಲ್ಲಿ ಸರಿಸುವ ಬೊಂಬೆಸೈನ್ಯಗಳ ಯುದ್ಧ, ನಡುವೆ ಅವನ ಹೆಂಡತಿ ಐನೊ ಮಾಡಿದ ಏಲಕ್ಕಿ ಬನ್ನು ಮತ್ತು ಕಾಫಿ, ಆಟ ಮುಗಿದೊಡನೆ ಹಿತ್ತಲಿನ ಸೌನಾದಲ್ಲಿ ಹಬೆಸ್ನಾನ. ಮೇಜಿನ ಜಗಳವನ್ನು ಆ ಮರದ ಕೋಣೆಯ ಹೊರಗೇ ಬಿಡಬೇಕು, ಕಾದ ಕಲ್ಲುಗಳ ಮೇಲೆ ಮೊದಲ ಸೌಟು ನೀರನ್ನು ಸೋತವನೇ ಹಾಕಬೇಕು ಎಂಬ ಅವನ ಕಟ್ಟಳೆ ನಿನಗೆ ನೆನಪಿರಬೇಕು. ಮೊದಲ ದಿನ ನೀನು ಒಳಗೆ ಹರಟುತ್ತಿದ್ದಾಗ ಎಸ್ಕೊ, "ಕಿರಣ್, ಕಲ್ಲು ಮಾತಾಡ್ತಿದೆ, ಕೇಳು" ಎಂದಿದ್ದ. ನೀನು ನನ್ನ ಕಿವಿಯಲ್ಲಿ, "ಹುಬ್ಬಳ್ಳ್ಯಾಗೂ ಇಷ್ಟ ಬಿಸಲಿರ್ತದಲೇ, ಆದ್ರ ಮಾತಾಡಾಕರ ಬಿಡ್ತಾರ" ಎಂದೆ. ನನಗೆ ಮಾತ್ರ ಆ ಮೌನ ಹಿಡಿಸಿತ್ತು. ಫಿನ್ಲೆಂಡಿನವರ ಈ ಪದ್ಧತಿ ನನ್ನಂಥವನಿಗಾಗಿಯೇ ಇರುವಂತೆ ತೋರುತ್ತಿತ್ತು.

ಜನವರಿಯ ಆ ಶನಿವಾರ ಸೌನಾದಲ್ಲಿ ಕುಳಿತು ಸ್ವಲ್ಪ ಹೊತ್ತಿಗೆ ಎಸ್ಕೊನ ಕೈಯಿಂದ ಸೌಟು ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ, ಮಾತನಾಡಲಿಲ್ಲ. ಅವನ ಪಕ್ಕದಲ್ಲೇ ನಾನು ಇಪ್ಪತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ಟವೆಲು ತಂದ ಐನೊ ಬಾಗಿಲು ತೆರೆದಾಗ ಅವನ ಬಾಯಿ ಒಂದು ಬದಿಗೆ ವಾಲಿದ್ದನ್ನು ಕಂಡರು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಎಷ್ಟು ಹೊತ್ತಾಯಿತೆಂದು. ನಿಖರವಾಗಿ ಉತ್ತರ ಕೊಟ್ಟೆ, ಅಷ್ಟಾದರೂ ನನ್ನಿಂದಾಯಿತು.

ಹೊರಗಿನ ಬೆಂಚಿನಲ್ಲಿ ಐನೊ ನನ್ನ ಕೈ ಹಿಡಿದು, "ನೀನು ಅವನ ಮೌನಕ್ಕೆ ಮರ್ಯಾದೆ ಕೊಟ್ಟೆ. ನಮ್ಮೂರಲ್ಲಿ ಯಾರಿದ್ರೂ ಹಾಗೇ ಮಾಡ್ತಿದ್ರು" ಎಂದರು. ಆ ಮಾತು ಕೇಳಿದ ಮೇಲೆ ನಾನು ಅವರ ಮನೆಗೆ ಹೋಗಿಲ್ಲ. ಪ್ರತಿ ಶುಕ್ರವಾರ ಅವರು ಫೋನ್ ಮಾಡಿ ಮರುದಿನಕ್ಕೆ ಕರೆಯುತ್ತಾರೆ. ಪ್ರತಿ ಶನಿವಾರ ನನಗೊಂದು ಮೀಟಿಂಗು ಇರುತ್ತದೆ. "ಶನಿವಾರ ಯಾವ ಆಫೀಸಲ್ರೀ ಮೀಟಿಂಗು?" ಎಂದು ವಸುಧಾ ಕೇಳಿದಳು.

ಮಾಧುರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನಿನ್ನ ಮಗ ಆಕಾಶನ ಓದು ಚೆನ್ನಾಗಿ ಸಾಗಲಿ, ಆರೋಗ್ಯ ನೆಟ್ಟಗಿರಲಿ ಎಂದು ಹರಸುತ್ತೇನೆ.

ನಿನ್ನ,
ಶ್ರೀಕಂಠ

ತಾ.ಕ. ಲಕೋಟೆ ಅಂಟಿಸುವ ಮುನ್ನ ಇದನ್ನೂ ಬರೆಯಬೇಕು. ಅಂದಿನ ಆಟದಲ್ಲಿ ನಾನು ನನ್ನ ಕುದುರೆ ಸವಾರರನ್ನು ಮುಂದೆ ಸರಿಸಿದಾಗ ಎಸ್ಕೊ ಅಳತೆಯ ಟೇಪು ಹಿಡಿದು, "ಅರ್ಧ ಇಂಚು ಜಾಸ್ತಿ, ಅಳತೆಯ ಎಂಜಿನಿಯರ್ ಸಾಹೇಬರೇ!" ಎಂದು ನಕ್ಕ. ಇಪ್ಪತ್ತಾರು ವರ್ಷ ಉಪಕರಣಗಳ ಅಳತೆಯನ್ನು ತಿದ್ದಿದವನು ನಾನು. ಸವಾರರು ಹಿಂದೆ ಸರಿದರು, ನಾನು ಸೋತೆ. ಮೊದಲ ಸೌಟು ನಾನು ಹಾಕಬೇಕಿತ್ತು. ಕೈ ಕಟ್ಟಿ ಕುಳಿತೆ. ಕಾದು ಸಾಕಾಗಿ ಅವನೇ ಸೌಟನ್ನು ಎತ್ತಿಕೊಂಡ. ಅದು ಬಿದ್ದಾಗ ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದ. ಇನ್ನೂ ಅಣಕಿಸುತ್ತಿದ್ದಾನೆಂದು ನಾನು ಮುಖ ತಿರುಗಿಸಿದೆ. ಐನೊ ಮೆಚ್ಚಿದ ಮೌನ ಅದೇ, ಕಿರಣ. ನಾನು ಮುನಿಸಿಕೊಂಡಿದ್ದೆ.

ಈಗಷ್ಟೇ ಐನೊ ಅವರ ಫೋನ್ ಬಂದಿತ್ತು. ನಾಳೆ ಸೌನಾದ ಒಲೆ ಹೊತ್ತಿಸುತ್ತಾರಂತೆ. ಎಸ್ಕೊ ಒಳಗೆ ಬರುವಂತಿಲ್ಲ; ಬಾಗಿಲಾಚೆ ಕುರ್ಚಿಯಲ್ಲಿ ಕುಳಿತು ಕಲ್ಲಿನ ಸದ್ದು ಕೇಳುತ್ತಾನಂತೆ. ಹಿಂದಿನಿಂದ ಅವನ ತೊದಲು ದನಿ ನನಗೆ ಕೇಳಿಸಿತು: "ಸೋತವನು... ನೀನು. ಮೊದಲ ಸೌಟು... ಇನ್ನೂ ಹಾಕಿಲ್ಲ."

ಬರುತ್ತೇನೆಂದೆ. ಒಳಗೆ ಹೋಗುವ ಮೊದಲೇ, ಆ ಕುರ್ಚಿಯ ಮುಂದೆ ನಿಂತು, ಅಂದಿನ ಮೌನ ಮುನಿಸಾಗಿತ್ತೆಂದು ಹೇಳಬೇಕು. ಆಮೇಲೆ ಅವನು ಸೌಟನ್ನು ನನ್ನ ಕೈಗೆ ಕೊಡುತ್ತಾನೋ ಇಲ್ಲವೋ, ತಿಳಿಯದು.