ಹಲ್ಲಿನಿಂದ ಕಡಿದ ದಾರ

ಅಪ್ಪ,

ಗಾಳಕ್ಕೆ ಪುಕ್ಕ ಸುತ್ತಿ ನಾನು ಕಟ್ಟಿದ ನೊಣವನ್ನು ಇವತ್ತು ಒಂದು ಮೀನು ನಿಜವೆಂದು ನಂಬಿ ಕಚ್ಚಿತು. ನೀನಾದರೆ ನಂಬುತ್ತಿರಲಿಲ್ಲ.

ನಾನು ಬಣ್ಣಬಣ್ಣದ ಪುಕ್ಕ ಸುತ್ತಿ, ಕತ್ತರಿಯಿಂದ ಅಂಚು ಒಪ್ಪ ಮಾಡುತ್ತ ಕೂತರೆ, "ಏನೇ, ನೊಣಕ್ಕೆ ಮದುವೆ ಮಾಡ್ತಿದ್ದೀಯಾ?" ಅಂತ ನೀನು ರೇಗಿಸುತ್ತಿದ್ದೆ. ನಿನ್ನದು ನಾಲ್ಕು ಸುತ್ತು ಬೂದು ಉಣ್ಣೆ, ಒಂದೇ ಪುಕ್ಕ. ಮಿಕ್ಕ ದಾರವನ್ನು ಹಲ್ಲಿನಿಂದಲೇ ಕಡಿದುಬಿಡುತ್ತಿದ್ದೆ.

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಿನ್ನ ಮೇಜಿನ ಮುಂದೆ ಕೂತೆ. ಎಷ್ಟು ಹುಡುಕಿದರೂ ನನ್ನ ಕತ್ತರಿ ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ನಿನ್ನ ಹಾಗೆಯೇ ಸುತ್ತಿ, ಹಲ್ಲಿನಿಂದ ಕಡಿದೆ. ದಾರದ ತುದಿ ಕೆದರಿಕೊಂಡಿತು. ನೊಣ ನೋಡಲು ಚೂರೂ ಚೆಂದವಿರಲಿಲ್ಲ. ಹೊಳೆಗೆ ಎಸೆದದ್ದೇ ತಡ, ಮೀನು ಬಂತು! ಒಬ್ಬಳೇ ನಿಂತು ಜೋರಾಗಿ ನಕ್ಕೆ. ಮೀನನ್ನು ನೀರಿಗೇ ಬಿಟ್ಟೆ.

ಚಳಿಗೆಂದು ನಿನ್ನ ಕೋಟು ಹಾಕಿಕೊಂಡು ಹೋಗಿದ್ದೆ. ಮನೆಗೆ ಬಂದು ಅದನ್ನು ಮೊಳೆಗೆ ನೇತುಹಾಕುವಾಗ ಒಳಜೇಬಿನಲ್ಲಿ ಕತ್ತರಿ ಸಿಕ್ಕಿತು.

"ನಿಮ್ಮಪ್ಪನೇ ಬಚ್ಚಿಟ್ಟಿದ್ದು," ಅಂದಳು ಅಮ್ಮ. "ಊರು ಬಿಟ್ಟು ಹೋದವಳು ಕತ್ತರಿ ಎಲ್ಲಿ ಅಂತ ಕೇಳೋಕಾದ್ರೂ ಮನೆಗೆ ಬರ್ತಾಳೆ ಅಂತಿದ್ರು."

ಕತ್ತರಿಯನ್ನು ಮತ್ತೆ ಅದೇ ಜೇಬಿನಲ್ಲಿ ಇಟ್ಟೆ.

ಅಪ್ಪ, ಕತ್ತರಿ ಎಲ್ಲಿ?