ಒದ್ದೆ ಬಟ್ಟೆಯ ಕೆಳಗಿನ ಮುಖ

ರೋಮ್, ದ್ರಾಕ್ಷಿ ಕೊಯ್ಲಿನ ಕಾಲ

ನನ್ನ ಮುದ್ದು ಫುಲ್ಸೀನಿಯಾ,

ಜ್ವರ ಬಿಟ್ಟಿತೇ? ಕಾಪುವಾದಿಂದ ಇಲ್ಲಿಯ ತನಕ ಬರುವಷ್ಟು ತ್ರಾಣವಿಲ್ಲ ಎಂದು ನೀನು ಬರೆದಿದ್ದೆ. ಓದಿದ ದಿನ ಮನೆದೇವರಿಗೆ ಹರಕೆ ಹೊತ್ತಿದ್ದೆ. ಈಗ ಆಗುತ್ತಿರುವ ಸಂಕಟವೇ ಬೇರೆ.

ಈ ವಸಂತದಲ್ಲಿ ಸೈನಿಕರು ನಿಮ್ಮಪ್ಪನನ್ನು ದ್ರಾಕ್ಷಿತೋಟದಿಂದ ಎಬ್ಬಿಸಿಕೊಂಡು ಬಂದು ಚಕ್ರವರ್ತಿ ಮಾಡಿದ ಮೇಲೆ ನಾನು ಯಾರನ್ನೂ ನಂಬಿಲ್ಲ. ಕ್ಷೌರದವನು ಅವರ ಗಡ್ಡಕ್ಕೆ ಕತ್ತಿ ಹಿಡಿದರೆ ಎದುರಿಗೇ ಕೂರುತ್ತೇನೆ. ವಿಷದ್ದು ಬೆರೆತರೆ ತಿಳಿಯದೆಂದು ಅಣಬೆ ನಮ್ಮ ಅಡುಗೆಮನೆಯ ಹೊಸಿಲು ದಾಟಿಲ್ಲ. ಅಡುಗೆಯವನು ನಕ್ಕರೆ ಯಾಕೆ ನಕ್ಕ ಅನಿಸುತ್ತದೆ, ನಗದಿದ್ದರೆ ಇನ್ನೂ ಭಯ. ನಿಮ್ಮಪ್ಪನಿಗೆ ಇದೆಲ್ಲ ತಮಾಷೆ. "ನಿನ್ನ ಕಣ್ಣಿಗೆ ಉಪ್ಪೂ ವಿಷವೇ ಕಣೇ, ಸುಮ್ನೆ ಉಣ್ಣು" ಎಂದು ರೇಗಿಸುತ್ತಾರೆ.

ನಂಬಿದ್ದು ನಿಮ್ಮಿಬ್ಬರನ್ನೇ. ಅರಮನೆಯ ಕಾವಲುಪಡೆಗೆ ಅಳಿಯ ಟ್ರೆಬಿಯಸ್ ದಳಪತಿಯಾಗಿರುವಾಗ ಬಾಗಿಲಿನ ಚಿಂತೆ ನನಗೇಕೆ ಅಂದುಕೊಂಡಿದ್ದೆ.

ನಿನ್ನೆ ಶಿಲ್ಪಿ ಹೆಡಿಸ್ಟಸ್‌ನ ಅಂಗಡಿಗೆ ಹೋದೆ. ಚೌಕದಲ್ಲಿ ನಿಲ್ಲಿಸಬೇಕಾದ ನಿಮ್ಮಪ್ಪನ ವಿಗ್ರಹ ಇನ್ನೂ ಬಂದಿರಲಿಲ್ಲ. ನಿನಗೆ ಗೊತ್ತಲ್ಲ, ಇಲ್ಲಿ ಚಕ್ರವರ್ತಿಗಳ ಮೈ ಒಂದೇ. ಕುತ್ತಿಗೆಯಲ್ಲಿ ಗುಳಿ ಬಿಟ್ಟಿರುತ್ತಾರೆ, ಆಳುವವನು ಬದಲಾದರೆ ತಲೆಯನ್ನಷ್ಟೇ ಬದಲಾಯಿಸುತ್ತಾರೆ. ಮೈ ಸಿದ್ಧವಾಗಿತ್ತು. ನಿಮ್ಮಪ್ಪನ ತಲೆ ಮಾತ್ರ ಮೂಗೂ ಮೂಡದೆ ಮೂಲೆಯಲ್ಲಿ ಬಿದ್ದಿತ್ತು. ಹಲಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದ ಎರಡು ಮಣ್ಣಿನ ತಲೆಗಳಿದ್ದವು. ಕೈಯಾಡುತ್ತಿರುವ ಕೆಲಸಕ್ಕಷ್ಟೇ ಹಾಗೆ ಒದ್ದೆ ಬಟ್ಟೆ ಹೊದಿಸುವುದು.

ಯಾರದೆಂದು ಕೇಳಿದೆ. "ಯಾರದ್ದೋ ಗೋರಿಗೆ, ಅಮ್ಮಾ. ಮುಟ್ಬೇಡಿ, ಇನ್ನೂ ಹಸಿ" ಎಂದ. ನಾನು ಬಟ್ಟೆ ಎತ್ತಿದೆ.

ಒಂದು ಟ್ರೆಬಿಯಸ್‌ನದು, ತಲೆಯ ಮೇಲೆ ಚಕ್ರವರ್ತಿಯ ಎಲೆಕಿರೀಟ. ಗಂಡಸಿನ ದುರಾಸೆ ಎಂದು ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಇನ್ನೊಂದು ನಿನ್ನದು. ಜ್ವರದಲ್ಲಿ ಇಳಿದ ಕೆನ್ನೆಯಲ್ಲ, ಚೆನ್ನಾಗಿ ತುಂಬಿದ ಕೆನ್ನೆ. ಎದುರಿಗೆ ಕೂರಿಸಿಕೊಳ್ಳದೆ ಹೆಡಿಸ್ಟಸ್ ಯಾರ ಮುಖವನ್ನೂ ತಿದ್ದುವುದಿಲ್ಲ. ನೀನು ರೋಮ್‌ಗೆ ಬಂದಿದ್ದೆ, ಮಗಳೇ. ಅಮ್ಮನ ಮನೆಗೆ ಬರಲಿಲ್ಲ.

ಪಟ್ಟ ನಿಮಗೇ ಇರಲಿ. ನಿಮ್ಮಪ್ಪನನ್ನು ಜೀವಸಹಿತ ಬಿಟ್ಟುಬಿಡಿ, ನಾನು ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ಚಕ್ರವರ್ತಿಯ ಆ ಕೆನ್ನೇರಳೆ ಬಟ್ಟೆ ಸೆಕೆಯೆಂದು ದಿನಾ ಗೊಣಗುತ್ತಾರೆ, ಬಿಚ್ಚು ಎಂದರೆ ಸಂತೋಷವಾಗಿ ಬಿಚ್ಚಿ ಕೊಡುತ್ತಾರೆ. ಅವರಿಗೆ ಇದೊಂದೂ ತಿಳಿಯದು. ಮಗಳ ಹೆಸರೆತ್ತಿ ಇಂಥ ಮಾತನ್ನು ನಾನು ಹೇಗೆ ಹೇಳಲಿ?

ನಿನ್ನನ್ನು ಇನ್ನೂ ಮಗಳೇ ಎನ್ನುವ,
ಅಮ್ಮ ಸೆಪ್ಪಿಯಾ

ಮತ್ತೊಂದು ಮಾತು: ಅರಗಿನ ಮೇಲೆ ಮುದ್ರೆ ಒತ್ತುವ ಹೊತ್ತಿಗೆ ನಿಮ್ಮಪ್ಪ ಬಂದರು. ನನಗಿಂತ ಮೊದಲೇ ಅವರು ಆ ಅಂಗಡಿಗೆ ಹೋಗಿದ್ದರಂತೆ, ಬಟ್ಟೆಯನ್ನೂ ಎತ್ತಿ ನೋಡಿದ್ದರಂತೆ. ಹೆಡಿಸ್ಟಸ್ ಕಾಲಿಗೆ ಬಿದ್ದಾಗ ಇವರು ಹೇಳಿದ್ದು ಇಷ್ಟೇ: "ಎಡಗಿವಿಯ ಗಾಯದ ಕಲೆ ಮರೆತಿದ್ದೀಯಲ್ಲೋ. ಚಿಕ್ಕವಳಿದ್ದಾಗ ಬಾತುಕೋಳಿ ಕುಕ್ಕಿದ್ದು. ಅದಿಲ್ದಿದ್ರೆ ನನ್ನ ಮಗಳು ಅನ್ಸಲ್ಲ."

ಇನ್ನು ಮೇಲೆ ಬಾಗಿಲಿಗೆ ಅಗುಳಿ ಹಾಕುವುದು ಬೇಡವೆಂದು ಆಳುಗಳಿಗೆ ಹೇಳಿದ್ದಾರೆ. ನಾನೇ ಹೋಗಿ ಹಾಕಿ ಬಂದಿದ್ದೇನೆ. ಬರುವುದಾದರೆ ಗಂಡನನ್ನು ಕಳಿಸಬೇಡ, ನೀನೇ ಬಾ. ಹೊರಗೆ ನಿಂತು ಅಮ್ಮಾ ಎಂದು ಕರೆ, ತೆಗೆಯುತ್ತೇನೆ.